ಚಕಮಕಿ ಕಲ್ಲಿನಿಂದ ಬೆಂಕಿ ಹತ್ತುತ್ತಿಲ್ಲ (1831ರ ಮಲೆನಾಡಿನ ಕಥೆಗಾಗಿ), ಸಹಾಯ ಮಾಡಿ

ಹೊಳೆಬದಿ:
ಎಲ್ಲರಿಗೂ ನಮಸ್ಕಾರ. ನಗರ ದಂಗೆಯ (ಮಲೆನಾಡಿನ ನಗರ, ಅಂದರೆ ಬಿದನೂರು ಸೀಮೆಯ ರೈತರು ಮೈಸೂರು ಅರಸರ ಆಡಳಿತದ ವಿರುದ್ಧ ಎದ್ದ ದಂಗೆ) ದಿನಗಳ ಕಥೆಯೊಂದನ್ನು ಬರೆಯುತ್ತಿದ್ದೇನೆ. 1831, ಮಳೆಗಾಲ ಶುರುವಾಗುವ ಹೊತ್ತು. ಊರು ಬಿಟ್ಟು ಕಾಡಿನ ಗುಡಿಸಲಲ್ಲಿ ಅಡಗಿರುವ ಹೆಂಗಸು ಮಗುವಿಗೆ ಗಂಜಿ ಕಾಯಿಸಬೇಕು. ಊರಲ್ಲಾಗಿದ್ದರೆ ಬೂದಿ ಮುಚ್ಚಿಟ್ಟ ಕೆಂಡ ಕೆದಕುತ್ತಿದ್ದಳು, ಇಲ್ಲಾ ಪಕ್ಕದ ಮನೆಯಿಂದ ತರುತ್ತಿದ್ದಳು. ಇಲ್ಲಿ ಎರಡೂ ಇಲ್ಲ.

"ಎರಡು ಸಲ ಕಲ್ಲು ಉಜ್ಜಿದಳು, ಬೆಂಕಿ ಹೊತ್ತಿಕೊಂಡಿತು" ಎಂದು ಬರೆದಿದ್ದೆ. ಓದಿದ ನನ್ನ ಅತ್ತೆ "ಅಷ್ಟು ಸುಲಭಕ್ಕೆ ಹತ್ತಲ್ಲಮ್ಮ" ಎಂದರು. ಅದಕ್ಕೇ ನಾನೇ ಮಾಡಿ ನೋಡೋಣ ಅಂತ ಕೂತೆ.

ಮೂರು ಸಂಜೆ ಹೋಯಿತು. ಎರಡು ಬೆಣಚುಕಲ್ಲು ತಿಕ್ಕಿದರೆ ಕತ್ತಲಲ್ಲಿ ಕಲ್ಲಿನೊಳಗೇ ಮಂಕಾಗಿ ಬೆಳಕು ಕಾಣುತ್ತೆ, ಸುಟ್ಟ ವಾಸನೆಯೂ ಬರುತ್ತೆ. ಆದರೆ ಅರಳೆಗೆ ಏನೂ ಆಗಲ್ಲ. ಅಡುಗೆಮನೆಯ ಸ್ಟೀಲ್ ಚಾಕುವಿನಿಂದ ಹೊಡೆದೆ, ಕಿಡಿಯೇ ಇಲ್ಲ. ಕಬ್ಬಿಣದ ಸರಳಿನಿಂದಲೂ ಇಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಲೇತ್ ಕೆಲಸ:
ಕಲ್ಲು ಸರಿ ಇದೆ ಮೇಡಂ, ಉಕ್ಕು ತಪ್ಪು. ಕಿಡಿ ಬರುವುದು ಕಲ್ಲಿನಿಂದಲ್ಲ. ಕಲ್ಲಿನ ಚೂಪು ಅಂಚು ಉಕ್ಕಿನಿಂದ ಸಣ್ಣ ಚೂರು ಕೆತ್ತುತ್ತೆ. ಆ ಚೂರು ಉಜ್ಜಿದ ಬಿಸಿಗೆ ಗಾಳಿಯಲ್ಲಿ ಉರಿಯುತ್ತೆ. ನಿಮ್ಮ ಕಣ್ಣಿಗೆ ಕಾಣುವ ಕಿಡಿ ಅದೇ. ಅಡುಗೆಮನೆಯ ಚಾಕು ಸ್ಟೇನ್‌ಲೆಸ್, ಹಾಗೆ ಉರಿಯಲ್ಲ. ಸರಳಿನಲ್ಲಿ ಇಂಗಾಲ ಕಡಿಮೆ, ಮೆತ್ತಗಿರುತ್ತೆ.

ಗುಜರಿಯಲ್ಲಿ ಹಳೇ ಅರ (ಲೋಹ ಉಜ್ಜುವ ಫೈಲ್) ಹುಡುಕಿ. ಅರದಲ್ಲಿ ಇಂಗಾಲ ಜಾಸ್ತಿ, ಹದವೂ ಗಟ್ಟಿ. ಒಂದು ಕಡೆಯ ಹಲ್ಲು ಹೋಗುವಷ್ಟು ಸಾಣೆ ಹಿಡಿಸಿ. ಸಾಣೆ ಹಿಡಿಯುವಾಗ ಆಗಾಗ ನೀರಲ್ಲಿ ಅದ್ದಲು ಹೇಳಿ. ಲೋಹ ನೀಲಿಗೆ ತಿರುಗಿತು ಅಂದ್ರೆ ಹದ ಹೋಯಿತು, ಆಮೇಲೆ ಕಿಡಿ ಬರಲ್ಲ. ಕಲ್ಲನ್ನು ಒಡೆದು ಹೊಸ ಅಂಚು ಮಾಡಿಕೊಳ್ಳಿ. ಒಡೆಯುವಾಗ ಕನ್ನಡಕ ಹಾಕಲೇಬೇಕು. ಕುಟ್ಟಬೇಡಿ, ಸವರಿದ ಹಾಗೆ ಮೇಲಿಂದ ಕೆಳಕ್ಕೆ ಹೊಡೆಯಿರಿ.

ಹೊಳೆಬದಿ:
ಅರ ಸಿಕ್ಕಿತು! ಮೊದಲ ಹೊಡೆತಕ್ಕೇ ಕಿಡಿ. ತುಂಬಾ ಖುಷಿಯಾಯಿತು. ಆದರೆ ಅರಳೆ ಮಾತ್ರ ಇನ್ನೂ ಹತ್ತುತ್ತಿಲ್ಲ. ಕಿಡಿ ಬೀಳುತ್ತೆ, ಆರಿಹೋಗುತ್ತೆ. ತೆಂಗಿನ ನಾರಿಗೂ ಅದೇ ಗತಿ.

ಗದ್ದೆಮನೆ:
ಅಕ್ಕ, ಬರೀ ಅರಳೆಗೆ ಈ ಕಿಡಿ ಸಾಲದು. ಮೊದಲೇ ಕರಕಾಗಿಸಿದ ಬಟ್ಟೆ ಬೇಕು. ನಮ್ಮಜ್ಜ ಬೀಡಿ ಹಚ್ಚಲು ಸಂಚಿಯಲ್ಲಿ ಚಕಮಕಿ ಜೊತೆ ಅದನ್ನೂ ಇಟ್ಟುಕೊಳ್ಳುತ್ತಿದ್ದರು.

ಹಳೇ ಪಂಚೆ ತುಂಡು ತಗೊಳ್ಳಿ. ಪೂರ್ತಿ ಹತ್ತಿಯದೇ ಆಗಬೇಕು, ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ ಅಂಟಾಗುತ್ತೆ. ಬಿಗಿ ಮುಚ್ಚಳದ ಸಣ್ಣ ತಗಡಿನ ಡಬ್ಬಿಗೆ ಮೊಳೆಯಿಂದ ಒಂದು ತೂತು ಮಾಡಿ, ಬಟ್ಟೆ ಒಳಗಿಟ್ಟು, ಕೆಂಡದ ಮೇಲಿಡಿ. ಮನೆಯೊಳಗೆ ಬೇಡ, ಅಂಗಳದಲ್ಲಿ ಮಾಡಿ. ತೂತಿನಿಂದ ಹೊಗೆ ಬರುತ್ತೆ. ಹೊಗೆ ನಿಂತಾಗ ಇಳಿಸಿ. ಡಬ್ಬಿ ಪೂರ್ತಿ ತಣ್ಣಗಾಗುವ ತನಕ ಮುಚ್ಚಳ ತೆಗೆಯಬೇಡಿ. ಗಾಳಿ ಹೋದರೆ ಒಳಗಿನದೆಲ್ಲ ಬೂದಿ. ಬಟ್ಟೆ ಕಪ್ಪಗಿರಬೇಕು, ಆದರೆ ಹಿಡಿದರೆ ಪುಡಿಯಾಗಬಾರದು.

ಅದರ ಚೂರನ್ನು ಕಲ್ಲಿನ ಮೇಲೆ, ಅಂಚಿಗೆ ತಾಗಿಸಿ ಎಡಗೈ ಹೆಬ್ಬೆರಳಲ್ಲಿ ಒತ್ತಿ ಹಿಡಿದು ಹೊಡೆಯಿರಿ. ಕೆಂಪು ಚುಕ್ಕೆ ಕಂಡ ಕೂಡಲೇ ತೆಂಗಿನ ನಾರಿನ ಗೂಡಿನೊಳಗೆ ಇಟ್ಟು ಊದಿ.

ಹೊಳೆಬದಿ:
ಹತ್ತಿತು! ನಿಮ್ಮಿಬ್ಬರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಮಾಡದೇ ಇದ್ದಿದ್ದರೆ ಗೊತ್ತೇ ಆಗದ ಎಷ್ಟೋ ಸಂಗತಿ ಸಿಕ್ಕಿತು. ನಲವತ್ತಕ್ಕೂ ಹೆಚ್ಚು ಸಲ ಹೊಡೆದೆ. ಎಡಗೈ ಬೆರಳ ಗಿಣ್ಣು ಕಿತ್ತು ರಕ್ತ ಬಂತು. ಬಟ್ಟೆಗೆ ಹತ್ತಿದ್ದು ಜ್ವಾಲೆಯಲ್ಲ, ಕೆಂಪು ಹುಳ ಹರಿದ ಹಾಗೆ ನಿಧಾನವಾಗಿ ಹಬ್ಬುವ ಕೆಂಡ. ನಾರಿನಲ್ಲಿಟ್ಟು ಊದಿದೆ. ಮೊದಲು ದಟ್ಟ ಹೊಗೆ, ಕಣ್ಣಲ್ಲಿ ನೀರು, ಆಮೇಲೆ ಭಗ್ಗನೆ ಉರಿ. ಉಳಿದ ಬಟ್ಟೆಯನ್ನು ಬಟ್ಟಲಲ್ಲಿ ಹಾಗೇ ತೆರೆದಿಟ್ಟಿದ್ದೆ. ರಾತ್ರಿಯಿಡೀ ಮಳೆ. ಬೆಳಿಗ್ಗೆ ಒಂದು ಚೂರೂ ಕಿಡಿ ಹಿಡಿಯಲಿಲ್ಲ, ತೇವ ಎಳೆದುಕೊಂಡಿತ್ತು. ನನ್ನ ಕಥೆಯ ನಿಜವಾದ ಕಷ್ಟ ಇದೇ, ಅಲ್ವಾ? ಕಿಡಿ ಹುಟ್ಟಿಸುವುದಕ್ಕಿಂತ ಆ ಕಪ್ಪು ಚಿಂದಿಯನ್ನು ಒಣಗಿಟ್ಟುಕೊಳ್ಳುವುದು.

ಇನ್ನೊಂದು ಕೇಳಬೇಕು. ಅವಳ ಕೈಗೆ ಉಕ್ಕು ಎಲ್ಲಿಂದ ಬರಬೇಕು? ಕುಡುಗೋಲು ಇದೆ.

ಲೇತ್ ಕೆಲಸ:
ಉಕ್ಕು ಇರಲಿಲ್ಲ ಅನ್ನುವ ಚಿಂತೆ ಬೇಡ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಬುಕಾನನ್, ಇಲ್ಲಿನವರು ಉಕ್ಕು ಮಾಡುತ್ತಿದ್ದ ಬಗೆಯನ್ನು ವಿವರವಾಗಿ ಬರೆದಿದ್ದಾನೆ. ಆದರೆ ಕುಡುಗೋಲಿನ ಬೆನ್ನು ಮೆತ್ತಗಿದ್ದರೆ ಕಿಡಿ ಬರಲ್ಲ. ಬಾಯಿಯಿಂದ ಹೊಡೆದರೆ ಬರಬಹುದು, ಆದರೆ ಬಾಯಿ ಮುಕ್ಕಾಗುತ್ತೆ. ಕಾಡಲ್ಲಿ ಅವಳಿಗಿರುವುದು ಅದೊಂದೇ ಕುಡುಗೋಲಾದರೆ ಹೊಡೆಯುವ ಮೊದಲು ಯೋಚಿಸುತ್ತಾಳೆ. ನಾನಾಗಿದ್ದರೆ ಆ ಕ್ಷಣವನ್ನು ಬಿಡುತ್ತಿರಲಿಲ್ಲ.

ಗದ್ದೆಮನೆ:
ಬೆಂಕಿಕಡ್ಡಿ ಅಂತೂ ತರಬೇಡಿ ಅಕ್ಕ. ಇಂಗ್ಲೆಂಡಿನಲ್ಲೇ ಜಾನ್ ವಾಕರ್ ಉಜ್ಜಿ ಹಚ್ಚುವ ಕಡ್ಡಿ ಮಾರಲು ಶುರು ಮಾಡಿದ್ದು 1827ರಲ್ಲಿ, ನಿಮ್ಮ ಕಥೆಗೆ ನಾಲ್ಕೇ ವರ್ಷ ಮೊದಲು. ಬಟ್ಟೆ ಒದ್ದೆಯಾದರೆ ತಾಳೆ ಜಾತಿಯ ಬೈನೆ ಮರ ಇದೆ. ಅದರ ಎಲೆಯ ಬುಡದಲ್ಲಿ ಉಣ್ಣೆಯಂಥ ಮೆತ್ತನೆಯ ನವಿರು ಸಿಗುತ್ತೆ. ಕಿಡಿ ಹಿಡಿಯಲು ಅದನ್ನೂ ಬಳಸುತ್ತಿದ್ದರು. ಮಳೆಯಲ್ಲಿ ಒಣಗಿದ್ದು ಸಿಗುವುದು ಕಷ್ಟ, ಅವಳು ಬೇಸಿಗೆಯಲ್ಲೇ ತೆಗೆದಿಟ್ಟಿರಬೇಕು.

ಹೊಳೆಬದಿ:
ಹೊಸದಾಗಿ ಬರೆದೆ, ನೋಡಿ:

"ಬಿದಿರಿನ ಕೊಳವೆಯ ಬಾಯಿಗೆ ಜೇನುಮೇಣ ಮೆತ್ತಿದ್ದಳು. ಉಗುರಿನಿಂದ ಕೆರೆದು ತೆಗೆದಳು. ಒಳಗೆ ಉಳಿದದ್ದು ಮೂರೇ ಚೂರು. ಕುಡುಗೋಲಿನ ಬಾಯಿಯನ್ನೊಮ್ಮೆ ಸವರಿ ನೋಡಿದಳು. ಮಗು ಮತ್ತೆ ಅತ್ತಿತು. ಹೊಡೆದಳು."

ಗದ್ದೆಮನೆ:
ತುಂಬಾ ಚೆನ್ನಾಗಿದೆ ಅಕ್ಕ. ಒಂದೇ ಮಾತು: ಚೂರು ಮುಟ್ಟುವ ಮೊದಲು ಬೆರಳ ತೇವ ಸೆರಗಿಗೆ ಒರೆಸಿಕೊಳ್ಳಲಿ. ಒದ್ದೆ ಕೈ ತಾಗಿದರೂ ಆ ಚೂರು ಕೆಡುತ್ತೆ.

ಹೊಳೆಬದಿ:
ಹೌದಲ್ವಾ! ಸೆರಗೂ ಒದ್ದೆಯಾಗಿರುತ್ತೆ. ತಲೆಕೂದಲಿಗೆ ಒರೆಸಿಕೊಂಡರೆ ಆಗುತ್ತಾ ಅಂತ ನಾಳೆ ಮಳೆಯಲ್ಲಿ ನಿಂತು ನೋಡಿ ಹೇಳುತ್ತೇನೆ.