ಪ್ರಶ್ನೋತ್ತರ: ಮಂಡಿ ಮೊಹಲ್ಲಾದ ಮಕ್ಕಳಿಗೆ ಶನಿವಾರದ ಬಣ್ಣದ ಗುಂಪು

ಪ್ರಶ್ನೆ (ಟ್ಯೂಷನ್ ನಡೆಸುವವರು):
ಎಲ್ಲರಿಗೂ ನಮಸ್ಕಾರ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಸಂಜೆ ಟ್ಯೂಷನ್ ನಡೆಸ್ತಿದ್ದೇವೆ. 22 ಮಕ್ಕಳು, 6ರಿಂದ 14 ವರ್ಷದವರು. ಕೆಲವರ ಮನೆಯಲ್ಲಿ ಕುಡಿತ, ಹೊಡೆದಾಟ. ಮೂವರು ಬೆಳಿಗ್ಗೆ ಚಿಂದಿ ಆಯ್ದು ಆಮೇಲೆ ಸ್ಕೂಲಿಗೆ ಹೋಗ್ತಾರೆ. ಒಬ್ಬಳು ಬಾಯಿ ಬಿಟ್ಟು ಮಾತೇ ಆಡೋದಿಲ್ಲ. ನಮ್ಮ ರೂಮು 12 ಅಡಿಗೆ 14 ಅಡಿ, ಮೇಜಿಲ್ಲ. ಶನಿವಾರ ಆರ್ಟ್ ಥೆರಪಿ ಶುರು ಮಾಡೋಣ ಅಂತ ಇದ್ದೇವೆ. ಹೇಗೆ ಶುರು ಮಾಡೋದು, ಏನೇನು ಸಾಮಾನು ಬೇಕು?

ಉತ್ತರ (ಮಕ್ಕಳ ಕೌನ್ಸೆಲರ್):
ಮೇಡಂ, ಮೊದಲು ಹೆಸರಿನ ವಿಷಯ. ‘ಆರ್ಟ್ ಥೆರಪಿ’ ಅನ್ನೋ ಮಾತು 1942ರಲ್ಲಿ ಏಡ್ರಿಯನ್ ಹಿಲ್ ಅನ್ನೋ ಬ್ರಿಟಿಷ್ ಚಿತ್ರಕಾರರಿಂದ ಬಂದದ್ದು. ಕ್ಷಯದ ಸ್ಯಾನಿಟೋರಿಯಂನಲ್ಲಿ ಚಿತ್ರ ಬರೆಯೋದು ರೋಗಿಗಳ ಮನಸ್ಸಿಗೆ ಎಷ್ಟು ಆಸರೆ ಅಂತ ಅವರು ಕಂಡುಕೊಂಡಿದ್ದರು. ಈಗ ಅದು ತರಬೇತಿ, ಮೇಲ್ವಿಚಾರಣೆ ಎರಡೂ ಬೇಕಾದ ವೃತ್ತಿ. ಆ ತರಬೇತಿ ಆದವರು ನಿಮ್ಮ ಜೊತೆ ಇಲ್ಲದಿದ್ದರೆ ಆ ಹೆಸರು ಇಡಬೇಡಿ. ‘ಬಣ್ಣದ ಗುಂಪು’ ಅನ್ನಿ, ಸಾಕು. ‘ಥೆರಪಿ’ ಅಂದರೆ ತಾಯಂದಿರಿಗೂ ‘ನನ್ನ ಮಗೂಗೆ ತಲೆ ಸರಿಯಿಲ್ಲ ಅಂತಿದಾರಾ’ ಅನ್ನೋ ಅಂಜಿಕೆ ಬರುತ್ತೆ.

ಹೆಸರು ಸಣ್ಣದಾದರೂ ಕೆಲಸ ಸಣ್ಣದಲ್ಲ. ರಾತ್ರಿ ಮನೆಯಲ್ಲಿ ಏನಾಗುತ್ತೋ ಗೊತ್ತಿಲ್ಲದ ಮಗುವಿಗೆ ವಾರಕ್ಕೊಮ್ಮೆ, ಹೇಳಿದ ಹೊತ್ತಿಗೆ, ಹೇಳಿದ ಹಾಗೇ ನಡೆಯೋ ಒಂದೂವರೆ ಗಂಟೆ ಸಿಗುತ್ತಲ್ಲ, ಈ ಕೆಲಸದ ಮುಕ್ಕಾಲು ಪಾಲು ಅದೇ. ಉಳಿದ ಕಾಲು ಪಾಲು ಬಣ್ಣ.

ಅದಕ್ಕೇ 22 ಜನರನ್ನೂ ಒಟ್ಟಿಗೆ ಕೂರಿಸಬೇಡಿ. ನೆಲದ ಮೇಲೆ ಕೂತು ಬರೆಯೋ ಮಗುವಿಗೆ 3 ಅಡಿಗೆ 4 ಅಡಿ ಜಾಗ ಬೇಕು. ನಿಮ್ಮ ರೂಮಿನಲ್ಲಿ 8 ಮಕ್ಕಳು ಕೂತರೆ ಓಡಾಡೋಕೆ ಜಾಗ ಉಳಿಯುತ್ತೆ, 12 ಆದರೆ ಒಬ್ಬರ ಕಾಲು ಇನ್ನೊಬ್ಬರ ಚಿತ್ರದ ಮೇಲಿರುತ್ತೆ, ಜಗಳ ಅಲ್ಲೇ ಶುರು. 6–9 ವರ್ಷದವರು ಒಂದು ಗುಂಪು, 10–14 ಇನ್ನೊಂದು. ಗುಂಪಿಗೆ 2 ದೊಡ್ಡವರು: ಒಬ್ಬರು ಎಲ್ಲರನ್ನೂ ನೋಡಿಕೊಳ್ಳೋಕೆ, ಇನ್ನೊಬ್ಬರು ಎದ್ದು ಹೊರಗೆ ಹೋದ ಮಗುವಿನ ಹಿಂದೆ ಹೋಗೋಕೆ. ಶುರುವಾದ ಮೇಲೆ 10 ವಾರ ಅದೇ 8 ಮಕ್ಕಳು, ಅದೇ ಇಬ್ಬರು ದೊಡ್ಡವರು. ಎರಡು ಗುಂಪಿಗೆ 16 ಮಕ್ಕಳಾದರು, ಉಳಿದ 6 ಮಕ್ಕಳಿಗೆ ಅವರ ಸರದಿ ಯಾವ ತಿಂಗಳು ಅಂತ ಈಗಲೇ ಹೇಳಿಬಿಡಿ. ‘ಇವತ್ತೊಂದು ದಿನ ನನ್ನ ತಮ್ಮನೂ ಕೂರಲಿ ಮಿಸ್’ ಅಂತ ಕೇಳೇ ಕೇಳ್ತಾರೆ. ಒಪ್ಪಬೇಡಿ, ಹೊಸ ಮುಖ ಬಂದ ದಿನ ಒಳಗಿನವರು ಬಾಯಿ ಮುಚ್ಚಿಕೊಳ್ತಾರೆ.

90 ನಿಮಿಷ ಹೀಗೆ ಹಂಚಿ: ಮೊದಲ 10 ನಿಮಿಷ ತಿನ್ನೋಕೆ, ಒಂದು ಬಾಳೆಹಣ್ಣು ಅಥವಾ ಕಡಲೆಮಿಠಾಯಿ. ಇದನ್ನ ಕೊನೆಗೆ ಇಟ್ಟರೆ ಹಸಿದ ಮಗುವಿನ ಕಣ್ಣು ಡಬ್ಬಿ ಮೇಲೇ ಇರುತ್ತೆ. 10 ನಿಮಿಷ ಗೀಚಾಟ, 40 ನಿಮಿಷ ಕೆಲಸ, 15 ನಿಮಿಷ ಇಷ್ಟ ಇದ್ದವರ ಮಾತು, 15 ನಿಮಿಷ ತೊಳೆದು ಎತ್ತಿಡೋದು. ಈ ಕೊನೆಯದನ್ನ ನೀವೇ ಮಾಡಿ ಮುಗಿಸಬೇಡಿ. ಬ್ರಷ್ ತೊಳೆಯುತ್ತಾ ಮಗು ಮತ್ತೆ ಬೀದಿಗೆ ಹೋಗೋಕೆ ತಯಾರಾಗುತ್ತೆ.

ಉತ್ತರ (ಡ್ರಾಯಿಂಗ್ ಮೇಷ್ಟ್ರು):
ಸಾಮಾನಿನ ಬಗ್ಗೆ ನಾನು ಹೇಳ್ತೀನಿ. ಉತ್ಸಾಹದಲ್ಲಿ ಮೊದಲ ದಿನವೇ ಬಣ್ಣದ ಡಬ್ಬಿ, ಮಣ್ಣು ಎಲ್ಲಾ ಹರವಿಬಿಡ್ತಾರೆ, ತಪ್ಪಾಗೋದೇ ಅಲ್ಲಿ. ಪೆನ್ಸಿಲ್, ಕ್ರೆಯಾನ್ ಕೈಯ ಮಾತು ಕೇಳುತ್ತೆ. ನೀರಿನ ಬಣ್ಣ, ಬೆರಳಿನ ಬಣ್ಣ ಕೇಳಲ್ಲ, ಹರಿದುಕೊಂಡು ಹೋಗುತ್ತೆ. ಮನಸ್ಸಿನಲ್ಲಿ ಗಾಬರಿ ಇರೋ ಮಗುವಿಗೆ ಕೈ ತಪ್ಪಿ ಹರಿಯೋ ಬಣ್ಣ ಕೊಟ್ಟರೆ ಗಾಬರಿ ಇನ್ನೂ ಏರುತ್ತೆ: ಎಲ್ಲಾ ಕಲಸಿ ಕೆಸರು ಮಾಡಿ, ಹಾಳೆ ತೂತಾಗೋವರೆಗೂ ಉಜ್ಜಿ, ಕೊನೆಗೆ ಪಕ್ಕದವನ ಮೇಲೆ ಎರಚಿಬಿಡುತ್ತೆ. ಅದು ತುಂಟತನ ಅಲ್ಲ, ಸಾಮಾನು ಆರಿಸಿದವರ ತಪ್ಪು. ಹಾಗಾಗಿ 1ರಿಂದ 3ನೇ ವಾರ ಕ್ರೆಯಾನ್, ಆಯಿಲ್ ಪೇಸ್ಟಲ್. 4–5 ಕತ್ತರಿಸಿ ಅಂಟಿಸೋದು. 6ಕ್ಕೆ ಪೋಸ್ಟರ್ ಕಲರ್. 7–8 ಜೇಡಿಮಣ್ಣು. ಕೊನೆಯ ಎರಡು ವಾರ ಮತ್ತೆ ಕ್ರೆಯಾನಿಗೆ ವಾಪಸ್, ಮನಸ್ಸು ಇಳಿದು ನಿಲ್ಲೋಕೆ.

ಹಾಳೆ: 22 ಇಂಚಿಗೆ 28 ಇಂಚಿನ ಚಾರ್ಟ್ ಶೀಟನ್ನ ನಾಲ್ಕು ಮಾಡಿದರೆ ಒಂದೊಂದು 11ಕ್ಕೆ 14 ಬರುತ್ತೆ. ವಾರಕ್ಕೆ 8 ಮಕ್ಕಳಿಗೆ 3 ಶೀಟು ಸಾಕು, ಹರಿದು ಹಾಕಿದವರಿಗೆ ಇನ್ನೊಂದು ಕೊಡೋಕೂ ಉಳಿಯುತ್ತೆ. ಮೇಜಿಲ್ಲ ಅಂದ್ರಲ್ಲ, ಹಾಳೆಯನ್ನ ರಟ್ಟಿನ ಮೇಲಿಟ್ಟು ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ. ಹಾಳೆ ಜಾರಲ್ಲ, ಟೇಪ್ ಕಿತ್ತ ಮೇಲೆ ಸುತ್ತ ಬಿಳಿ ಕಟ್ಟು ಉಳಿಯುತ್ತೆ. ಎಷ್ಟೇ ಗೀಚಿದರೂ ಆ ಕಟ್ಟಿನೊಳಗೆ ನಿಂತಿದ್ದನ್ನ ನೋಡಿದಾಗ ಮಗುವಿನ ಮುಖ ಸಡಿಲ ಆಗುತ್ತೆ, ಗಮನಿಸಿ.

ಪೋಸ್ಟರ್ ಕಲರಿನ ದಿನ ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು, ಅರಿಶಿನ ಮಣ್ಣಿನ ಬಣ್ಣ, ಕಂದು: ಏಳೇ ಬಣ್ಣ. ಕಂದು ಮರೆಯಬೇಡಿ. ಕ್ರೆಯಾನ್ ಡಬ್ಬಿಯ ‘ಚರ್ಮದ ಬಣ್ಣ’ ತಿಳಿ ಗುಲಾಬಿ ಇರುತ್ತೆ. ತನ್ನನ್ನ ಬರೆಯೋಕೆ ಹೊರಟ ಮಗು ಆ ಕಡ್ಡಿಯನ್ನ ತನ್ನ ಕೈ ಪಕ್ಕ ಹಿಡಿದು ನೋಡಿ ಡಬ್ಬಿಗೇ ವಾಪಸ್ ಇಡುತ್ತೆ. ಕಂದಿಗೆ ಹಳದಿ, ಬಿಳಿ ಸೇರಿಸಿ ತನ್ನ ಕೈಯ ಬಣ್ಣ ತಾನೇ ಕಲಸಿಕೊಳ್ಳೋದು ಒಂದು ವಾರದ ಪೂರ್ತಿ ಕೆಲಸ ಆಗುತ್ತೆ, ತುಂಬಾ ಒಳ್ಳೆ ಕೆಲಸ. ಬಣ್ಣವನ್ನ ಐಸ್ ಟ್ರೇಗೆ ಒಂದೊಂದು ಚಮಚ ಮಾತ್ರ ಹಾಕಿ, ಬಾಟಲಿ ಮಕ್ಕಳ ಕೈಗೆ ಬೇಡ. ನೀರಿಗೆ ಅಗಲ ತಳದ ಸ್ಟೀಲ್ ಡಬ್ಬಿ, ಅರ್ಧ ಮಾತ್ರ ತುಂಬಿಸಿ. ಪ್ಲಾಸ್ಟಿಕ್ ಲೋಟ ಮೊಣಕೈ ತಾಗಿದರೆ ಉರುಳುತ್ತೆ. 8 ಅಥವಾ 10ನೇ ನಂಬರಿನ ಚಪ್ಪಟೆ ಬ್ರಷ್, ಮಗುವಿಗೊಂದು, ಮೇಲೆ ಎರಡು.

ಮಣ್ಣು ಮಗುವಿಗೆ ಅರ್ಧ ಕೆ.ಜಿ. ಲೆಕ್ಕ, ಒಟ್ಟು 4 ಕೆ.ಜಿ. ಗಣಪತಿ ಮಾಡೋರ ಹತ್ತಿರ ಹಬ್ಬದ ಸೀಸನ್ನಿಗೆ ಮುಂಚೆಯೇ ಕೇಳಿಡಿ. ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದರೆ ವಾರಗಟ್ಟಲೆ ಮೆದುವಾಗಿರುತ್ತೆ. ಮಾಡಿದ್ದನ್ನ ಬಿಸಿಲಿಗೆ ಇಟ್ಟರೆ ಮೇಲ್ಮೈ ಬೇಗ ಒಣಗಿ ಒಳಗೆ ತೇವ ಉಳಿದು ಬಿರುಕು ಬಿಡುತ್ತೆ. ನೆರಳಿನಲ್ಲಿ, ಮೇಲೆ ಪೇಪರ್ ಮುಚ್ಚಿ ಒಣಗಿಸಿ. ಕೈ, ಕಾಲು, ಬಾಲ ಕಡ್ಡಿಯಷ್ಟು ಸಣ್ಣ ಮಾಡಿದ್ದರೆ ಮುಂದಿನ ವಾರಕ್ಕೆ ಮುರಿದಿರುತ್ತೆ, ಮಗುವಿನ ಪಾಲಿಗೆ ಅದು ದೊಡ್ಡ ನೋವು. ಹೆಬ್ಬೆರಳಿನಷ್ಟು ದಪ್ಪ ಇರಲಿ ಅಂತ ಮೊದಲೇ ಹೇಳಿ.

ಎರಡು ಬಗೆಯ ವಸ್ತು ರೂಮಿಗೆ ಬರಲೇಬಾರದು. ಒಂದು, ವೈಟ್ನರ್, ಪಂಕ್ಚರ್ ಸಲ್ಯೂಷನ್, ಥಿನ್ನರ್, ಪರ್ಮನೆಂಟ್ ಮಾರ್ಕರ್. ಬೀದಿಯಲ್ಲಿ ಮಕ್ಕಳು ನಶೆಗೆ ಮೂಸೋದೇ ಇಂಥದ್ದನ್ನ. ನೀರಿನಲ್ಲಿ ಕರಗೋ ಬಿಳಿ ಗೋಂದು ಸಾಕು. ಎರಡು, ಅಕ್ಕಿ, ಬೇಳೆ, ರಾಗಿ ಅಂಟಿಸೋ ಕೆಲಸ, ಮೈದಾ ಗಂಜಿಯ ಬೆರಳಿನ ಬಣ್ಣ. ಪುಸ್ತಕಗಳಲ್ಲಿ ಚೆನ್ನಾಗಿ ಕಾಣುತ್ತೆ. ರಾತ್ರಿ ಊಟ ಇದೆಯೋ ಇಲ್ಲವೋ ಗೊತ್ತಿಲ್ಲದ ಮಗುವಿನ ಮುಂದೆ ಅನ್ನದ ಕಾಳನ್ನ ಆಟದ ಸಾಮಾನು ಮಾಡಬಾರದು. ಕತ್ತರಿ ಮೊಂಡು ತುದಿಯದ್ದು, ಎಣಿಸಿ ಕೊಟ್ಟು ಎಣಿಸಿ ತಗೊಳ್ಳಿ.

ಪ್ರಶ್ನೆ (ಅಂಗನವಾಡಿ ಕಾರ್ಯಕರ್ತೆ):
ಕಪ್ಪು ಜಾಸ್ತಿ ಬಳಿದರೆ ಮಗು ಖಿನ್ನತೆಯಲ್ಲಿದೆ, ಬಾಗಿಲಿಲ್ಲದ ಮನೆ ಬರೆದರೆ ಭಯದಲ್ಲಿದೆ ಅಂತ ಓದಿದ್ದೆ. ನಿಜವಾ ಮೇಡಂ?

ಉತ್ತರ (ಮಕ್ಕಳ ಕೌನ್ಸೆಲರ್):
ಒಂದು ಚಿತ್ರದಿಂದ ಹಾಗೆ ಓದೋಕಾಗಲ್ಲ. ಮೊದಲು ಕ್ರೆಯಾನ್ ಡಬ್ಬಿ ನೋಡಿ. ಕೆಂಪು, ನೀಲಿ ಉಗುರಿನಷ್ಟಾಗಿ ಕಪ್ಪೊಂದೇ ಉದ್ದ ಉಳಿದಿದ್ದರೆ ಮಗು ಕಪ್ಪನ್ನೇ ಎತ್ತಿಕೊಳ್ಳುತ್ತೆ. ಬಾಗಿಲು ಬಿಟ್ಟುಹೋಗಿದ್ದು ಹೊತ್ತಾಯ್ತು ಅಂತಲೂ ಇರಬಹುದು. ವಾರದಿಂದ ವಾರಕ್ಕೆ ಏನು ಬದಲಾಯ್ತು, ಮಗುವಿನ ಮೈ ಹೇಗಿದೆ, ಅದನ್ನ ನೋಡಿ. ಒಂದೇ ದೃಶ್ಯವನ್ನ ನಾಲ್ಕಾರು ವಾರ ಬರೆದೂ ಮೈ ಸಡಿಲವಾಗದೆ ಇನ್ನಷ್ಟು ಬಿಗಿಯಾಗ್ತಿದ್ದರೆ, ನಿದ್ದೆ, ಊಟ ಎರಡು ವಾರದಿಂದ ಕೆಟ್ಟಿದ್ದರೆ, ಸಾಯೋ ಮಾತು ಬಂದರೆ, ಬಣ್ಣದ ಗುಂಪಿನ ಕೈಮೀರಿತು ಅಂತ ತಿಳಿಯಿರಿ. ಸಾಯೋ ಮಾತು ಬಂದರೆ ಅದೇ ದಿನ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಮಗುವನ್ನ ಒಂಟಿಯಾಗಿ ಬಿಡಬೇಡಿ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗ ಇದೆ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು.

ಮಗುವಿನ ಹತ್ತಿರ ‘ಇದೇನು?’ ಅಂತ ಕೇಳಬೇಡಿ, ಪರೀಕ್ಷೆ ಥರ ಆಗುತ್ತೆ. ‘ಸೂಪರ್, ಚೆನ್ನಾಗಿದೆ’ ಅನ್ನೋದೂ ಬೇಡ. ಮುಂದಿನ ವಾರ ನಿಮಗೆ ಚೆನ್ನಾಗಿ ಕಾಣೋದನ್ನೇ ಬರೆಯುತ್ತೆ, ಸೂರ್ಯ, ಎರಡು ಬೆಟ್ಟ, ತೆಂಗಿನಮರ. ಕಂಡದ್ದನ್ನ ಹೇಳಿ: ‘ಈ ಮೂಲೇಲಿ ತುಂಬಾ ಒತ್ತಿ ಬಳಿದಿದೀಯ.’ ಹೇಳಿ ಸುಮ್ಮನಿರಿ. ‘ಇದರ ಬಗ್ಗೆ ಹೇಳ್ತೀಯಾ?’ ಅಂತ ಒಂದು ಸಲ ಕೇಳಬಹುದು, ‘ಊಹೂಂ’ ಅಂದರೆ ಅಲ್ಲಿಗೆ ಬಿಡಿ.

‘ನಿನ್ನ ಮನೆ ಬರಿ’, ‘ನಿನಗೆ ತುಂಬಾ ಬೇಜಾರಾದ ದಿನ ಬರಿ’ ಅನ್ನೋ ವಿಷಯ ಕೊಡಬೇಡಿ. ಕೆದಕಿದ ಗಾಯಕ್ಕೆ ಕಟ್ಟು ಹಾಕೋರು ಆ ರೂಮಿನಲ್ಲಿಲ್ಲ. ‘ಸ್ಕೂಲಿಂದ ಇಲ್ಲಿಗೆ ಬರೋ ದಾರಿ’, ‘ಬಚ್ಚಿಟ್ಟುಕೊಳ್ಳೋಕೆ ಒಂದು ಜಾಗ’, ‘ಈ ಸೇತುವೆ ಎಲ್ಲಿಂದ ಎಲ್ಲಿಗೆ’ ಅಂಥವು ಸಾಕು. ಹೇಳಬೇಕಾದ್ದು ಇದ್ದರೆ ದಾರಿಯ ಚಿತ್ರದಲ್ಲೇ ಬರುತ್ತೆ. ಮಾತಾಡದ ಹುಡುಗಿಯನ್ನ ಮಾತಿಗೆ ಒತ್ತಾಯಿಸಬೇಡಿ. ಅವಳ ಪಕ್ಕ ನೀವೂ ಒಂದು ಹಾಳೆ ಇಟ್ಟುಕೊಂಡು ಕೂತು, ನೀವೊಂದು ಗೆರೆ, ಅವಳೊಂದು ಗೆರೆ, ಹಾಗೇ ನಡೆಯಲಿ.

ಪ್ರಶ್ನೆ (ಟ್ಯೂಷನ್ ನಡೆಸುವವರು):
ಬರೆಯುತ್ತಾ ಮಗು ‘ಮನೇಲಿ ಒಬ್ಬರು ಹೀಗೆ ಮಾಡ್ತಾರೆ’ ಅಂತ ಲೈಂಗಿಕ ದೌರ್ಜನ್ಯದ ವಿಷಯ ಹೇಳಿಬಿಟ್ಟರೆ?

ಉತ್ತರ (ಮಕ್ಕಳ ಕೌನ್ಸೆಲರ್):
ಇದಕ್ಕೆ ಮೊದಲ ದಿನವೇ ತಯಾರಿ ಬೇಕು. ಗುಂಪು ಶುರುವಾಗುವಾಗಲೇ ಹೇಳಿ: ‘ಇಲ್ಲಿ ಬರೆದದ್ದು, ಆಡಿದ್ದು ಹೊರಗೆ ಹೇಳಲ್ಲ. ಆದರೆ ನಿಮಗೆ ಯಾರಾದರೂ ನೋವು ಮಾಡ್ತಿದ್ದರೆ ಅದನ್ನ ನಿಲ್ಲಿಸೋರಿಗೆ ಹೇಳಲೇಬೇಕು.’ ‘ಯಾರಿಗೂ ಹೇಳಲ್ಲ, ಪ್ರಾಮಿಸ್’ ಅನ್ನೋ ಮಾತು ಯಾವತ್ತೂ ಬೇಡ.

ಹೇಳಿದ ಕ್ಷಣ ಮುಖದಲ್ಲಿ ಗಾಬರಿ ತೋರಿಸದೆ ಪೂರ್ತಿ ಕೇಳಿ. ‘ಎಲ್ಲಿ ಮುಟ್ಟಿದ, ಎಷ್ಟು ಸಲ’ ಅಂತ ಕೆದಕಬೇಡಿ. ಅದನ್ನ ಕೇಳೋದು ತನಿಖೆಯವರ ಕೆಲಸ, ನೀವು ಹತ್ತು ಸಲ ಕೇಳಿದಷ್ಟೂ ಮಗು ಅದನ್ನ ಮತ್ತೆ ಅನುಭವಿಸುತ್ತೆ, ಹೇಳಿಕೆಯೂ ಕದಡುತ್ತೆ. ‘ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪು ಏನೂ ಇಲ್ಲ’ ಅನ್ನಿ. ಮಗು ಹೋದ ಕೂಡಲೇ ಅದರ ಮಾತಿನಲ್ಲೇ, ದಿನಾಂಕ, ಗಂಟೆ ಹಾಕಿ ಬರೆದಿಡಿ. ಚಿತ್ರವನ್ನ ತಿದ್ದಬೇಡಿ, ಅದರ ಮೇಲೆ ಬರೆಯಬೇಡಿ. ಹೆಸರು ಹೇಳಿದ ವ್ಯಕ್ತಿಯ ಹತ್ತಿರ ಹೋಗಿ ವಿಚಾರಿಸಬೇಡಿ.

ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋಕೆ ಇರೋ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ಗೊತ್ತಾದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂನಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ‘ಖಾತ್ರಿ ಮಾಡಿಕೊಂಡು ಹೇಳೋಣ’ ಅಂತ ಕಾಯಬೇಡಿ. ಮಕ್ಕಳ ಸಹಾಯವಾಣಿ 1098 ದಿನಪೂರ್ತಿ ಇರುತ್ತೆ. ಮಗು ಅವತ್ತು ರಾತ್ರಿ ಅದೇ ಮನೆಗೆ ಹೋಗಬೇಕಾ ಅನ್ನೋದನ್ನ ಆ ಫೋನಿನಲ್ಲೇ ಮೊದಲು ಎತ್ತಿ.

ಪ್ರಶ್ನೆ (ಸ್ವಯಂಸೇವಕ):
ಸಾಮಾನಿಗೆ ದುಡ್ಡು ಕೊಟ್ಟವರು ಫೋಟೋ ಕಳಿಸಿ ಅಂತಿದ್ದಾರೆ. ದಸರಾಕ್ಕೆ ಒಂದು ಪ್ರದರ್ಶನ ಇಡೋಣ ಅಂತಲೂ ಮಾತಿದೆ.

ಉತ್ತರ (ಡ್ರಾಯಿಂಗ್ ಮೇಷ್ಟ್ರು):
ಶನಿವಾರದ ಚಿತ್ರಗಳು ಬೇಡ ಸರ್, ವಾಟ್ಸಾಪ್ ಸ್ಟೇಟಸ್ಸಿಗೂ ಬೇಡ. ನೋಡೋರಿದ್ದಾರೆ ಅಂತ ಗೊತ್ತಾದ ದಿನ ಮಗು ನೋಡೋರಿಗಾಗಿ ಬರೆಯುತ್ತೆ. ಬಣ್ಣ ಹತ್ತಿದ ಬ್ರಷ್ಷು, ಜೋಡಿಸಿಟ್ಟ ರಟ್ಟುಗಳ ಫೋಟೋ ಕಳಿಸಿ.

ದಸರಾಕ್ಕೆ ಬೇರೆಯದೇ ಒಂದು ಕೆಲಸ ಮಾಡಿಸಿ. 8 ಅಡಿ ಉದ್ದದ ಕೋರಾ ಬಟ್ಟೆ, ಟೇಪಿನಿಂದ ಅಡಿಗೊಂದು ಚೌಕ, ಮಗುವಿಗೊಂದು. ಜಂಬೂಸವಾರಿ ಅಂತಿಟ್ಟುಕೊಳ್ಳಿ, ಒಬ್ಬರಿಗೆ ಆನೆ, ಒಬ್ಬರಿಗೆ ಬ್ಯಾಂಡಿನವರು, ಒಬ್ಬರಿಗೆ ಸಯ್ಯಾಜಿರಾವ್ ರಸ್ತೆಯ ಕಟ್ಟಡದ ಮೇಲೆ ಹತ್ತಿ ನೋಡೋ ಜನ. ಟೇಪಿಲ್ಲದೆ ಬಿಟ್ಟರೆ ಜೋರಿನವನು ಐದು ನಿಮಿಷದಲ್ಲಿ ಪಕ್ಕದವಳ ಆನೆ ಮೇಲೆ ಬಳಿದಿರ್ತಾನೆ. ಎಲ್ಲರದ್ದೂ ಮುಗಿದ ಮೇಲೆ ಟೇಪ್ ಕಿತ್ತು, ‘ಇವನ ರಸ್ತೆ ನಿನ್ನ ಚೌಕಕ್ಕೆ ಹೇಗೆ ಬರುತ್ತೆ?’ ಅಂತ ಕೇಳಿ; ಗೆರೆ ಸೇರಿಸೋಕೆ ಇಬ್ಬರೂ ಮಾತಾಡಲೇಬೇಕು. ಇದನ್ನ ಗೋಡೆಗೆ ಹಾಕಬಹುದು, ಮಕ್ಕಳ ಹೆಸರಿಲ್ಲದೆ, ಅವರನ್ನೇ ಕೇಳಿ. ಒಂದು ಎಚ್ಚರಿಕೆ: ದಸರಾ ಹೊತ್ತಿನಲ್ಲಿ ಹದಿನೈದು ದಿನ ಬಲೂನು, ಕಡಲೆಕಾಯಿ ಮಾರೋಕೆ ಹೋಗೋ ಮಕ್ಕಳಿರ್ತಾರೆ. ಆ ಎರಡು ಶನಿವಾರ ರಜೆ ಅಂತ ಮುಂಚೆಯೇ ಹೇಳಿ. ಬಂದು ಬೀಗ ನೋಡಿಕೊಂಡು ವಾಪಸ್ ಹೋಗಬಾರದು.

ಉತ್ತರ (ಮಕ್ಕಳ ಕೌನ್ಸೆಲರ್):
ಮೇಷ್ಟ್ರ ಕೊನೆಯ ಮಾತಿಗೆ ಇನ್ನೊಂದು ಸೇರಿಸ್ತೀನಿ. 10ನೇ ವಾರ ಮುಗಿಯುತ್ತೆ ಅನ್ನೋದನ್ನ 10ನೇ ವಾರ ಹೇಳಬೇಡಿ. ಮೊದಲ ದಿನವೇ ಗೋಡೆಗೆ ಹತ್ತು ಚೌಕದ ಪಟ್ಟಿ ಹಚ್ಚಿ, ವಾರಕ್ಕೊಂದು ಚೌಕಕ್ಕೆ ಮಕ್ಕಳೇ ಬಣ್ಣ ತುಂಬಲಿ. 8ನೇ ವಾರ ‘ಇನ್ನೆರಡು’ ಅಂತ ಜೋರಾಗಿ ಹೇಳಿ. ಆ ವಾರ ಕೆಲವರು ಬರೋದೇ ಇಲ್ಲ, ಕೆಲವರು ಬಂದು ಬೈತಾರೆ. ಬಿಟ್ಟುಹೋಗೋರನ್ನ ತಾನೇ ಮೊದಲು ಬಿಟ್ಟುಬಿಡೋ ಅಭ್ಯಾಸ ಅದು. ಬಾರದವರ ಮನೆ ಬಾಗಿಲಿಗೆ ಹೋಗಿ ‘ನಿನ್ನ ಜಾಗ ಹಾಗೇ ಇದೆ’ ಅಂತಷ್ಟೇ ಹೇಳಿ ಬನ್ನಿ.

ಪ್ರತಿ ಮಗುವಿಗೂ ಎರಡು ಚಾರ್ಟ್ ಶೀಟು ಹೊಲಿದ ಒಂದು ಫೋಲ್ಡರ್ ಇರಲಿ, ಮೇಲೆ ಹೆಸರಿನ ಬದಲು ಅವರೇ ಬರೆದ ಗುರುತು, ಎಲ್ಲಾ ಒಂದು ಬೀಗದ ಟ್ರಂಕಿನಲ್ಲಿ. ಕೊನೆಯ ದಿನ ಫೋಲ್ಡರ್ ಬಿಚ್ಚಿ, ಮನೆಗೆ ಯಾವುದು, ಇಲ್ಲೇ ಯಾವುದು, ಹರಿಯೋದು ಯಾವುದು ಅಂತ ಮಗುವೇ ಆರಿಸಲಿ. ಮನೆಗೆ ಒಯ್ದದ್ದು ಅಪ್ಪನ ಕೈಗೆ ಸಿಕ್ಕಿದರೆ ತೊಂದರೆ ಅನ್ನೋದು ಮಗುವಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತೆ. ಟ್ರಂಕಿನಲ್ಲೇ ಉಳಿಯಲಿ ಅಂದದ್ದನ್ನ ಗುಂಪು ಮುಗಿದ ಮೇಲೂ ಒಂದು ವರ್ಷ ಇಡಿ. ಕೇಳಿಕೊಂಡು ಬರ್ತಾರೆ.