ಯೂನಿಕಾರ್ನ್ ನಮ್ಮ ಕಿಗ್ಗದ್ದಾ?

ಸಾಗರದ ಅಮ್ಮ: ಮಗಳ ಬ್ಯಾಗು, ನೀರಿನ ಬಾಟ್ಲಿ ಎಲ್ಲದರ ಮೇಲೂ ಯೂನಿಕಾರ್ನ್, ಅದೇ ಒಂಟಿಕೊಂಬಿನ ಕುದುರೆ. ಅವಳ ಅಜ್ಜ "ಶೃಂಗೇರಿ ಹತ್ತಿರದ ಕಿಗ್ಗದ ದೇವಸ್ಥಾನದ ಋಷ್ಯಶೃಂಗರಿಗೂ ತಲೆ ಮೇಲೆ ಕೊಂಬಿತ್ತು, ಯೂನಿಕಾರ್ನ್ ನಮ್ಮದೇ" ಅಂದಿದ್ದಾರೆ. ಅವಳು ಕ್ಲಾಸಲ್ಲೂ ಹಾಗೇ ಹೇಳಿ ಬಂದಿದ್ದಾಳೆ. ನಿಜವಾ?

ಕೊಪ್ಪದ ಭಟ್ಟ: ಎಲ್ಲವೂ ನಮ್ಮದೇ ಅನ್ನೋ ಚಟ ಬಿಡಬೇಕು ಮಾರಾಯ್ರೆ. ಋಷ್ಯಶೃಂಗ ಜಿಂಕೆ ಹೊಟ್ಟೆಯಲ್ಲಿ ಹುಟ್ಟಿದ ಋಷಿ. ಕುದುರೆಗೂ ಅವರಿಗೂ ಏನು ಸಂಬಂಧ?

ತೀರ್ಥಹಳ್ಳಿ ಮೇಷ್ಟ್ರು: ಋಷಿ ವಿಷಯ ಇರಲಿ, ಅಜ್ಜನ ಮಾತು ಪೂರ್ತಿ ಸುಳ್ಳಲ್ಲ. ಕ್ರಿ.ಪೂ. 400ರ ಸುಮಾರಿಗೆ ಕ್ಟೀಸಿಯಾಸ್ ಎಂಬ ಗ್ರೀಕ್ ವೈದ್ಯ ಪರ್ಷಿಯಾದ ಅರಮನೆಯಲ್ಲಿದ್ದ. ಭಾರತದಲ್ಲಿ ಒಂಟಿಕೊಂಬಿನ ಕಾಡುಕತ್ತೆ ಇದೆ ಅಂತ ಬರೆದ. ಬಿಳಿ ಮೈ, ಕಡುಗೆಂಪು ತಲೆ, ನೀಲಿ ಕಣ್ಣು, ಒಂದೂವರೆ ಮೊಳದ ಕೊಂಬು. ಆ ಕೊಂಬಿನ ಬಟ್ಟಲಲ್ಲಿ ಕುಡಿದವರಿಗೆ ವಿಷ ತಾಗೋದಿಲ್ಲವಂತೆ. ಘೇಂಡಾಮೃಗದ ಸುದ್ದಿ ಬಾಯಿಂದ ಬಾಯಿಗೆ ಹೋಗಿ ಹೀಗಾಗಿರಬೇಕು. ಅವನು ಕತೆ ಅಂತ ಬರೆದಿದ್ದಲ್ಲ, ಇದ್ದ ಪ್ರಾಣಿ ಅಂತಲೇ ಬರೆದಿದ್ದು.

ಅಡಿಕೆ ಮಂಡಿ: ನಮಗೆ ಯೂನಿಕಾರ್ನ್ ಅಂದ್ರೆ ಹೋಂಡಾ ಬೈಕು. ಅಣ್ಣನ ಗಾಡಿ ಇನ್ನೂ ಆಗುಂಬೆ ಘಾಟಿ ಹತ್ತುತ್ತೆ 😄

ಹೊಸನಗರ ಟು ಬೆಂಗಳೂರು: ಇಲ್ಲಿ ಆಫೀಸಲ್ಲಿ ಬೇರೆಯೇ ಅರ್ಥ. 100 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡ ಸ್ಟಾರ್ಟಪ್ಪು. 2013ರಲ್ಲಿ ಐಲೀನ್ ಲೀ ಎಂಬ ಹೂಡಿಕೆದಾರರು ಇಟ್ಟ ಹೆಸರು. ಆಗ ಅವರ ಲೆಕ್ಕಕ್ಕೆ ಸಿಕ್ಕಿದ್ದು ಅಮೆರಿಕದ 39 ಕಂಪನಿ, ಅಷ್ಟು ಅಪರೂಪ ಅಂತ. ಈಗ ಭಾರತದಲ್ಲೇ ನೂರು ದಾಟಿದೆ, ಅಪರೂಪ ಎಲ್ಲಿ ಬಂತು?

ಅಡಿಕೆ ಮಂಡಿ: ಬೆಲೆ ಕಟ್ಟೋದು ಬೇರೆ, ದುಡ್ಡು ಕೈಗೆ ಬರೋದು ಬೇರೆ. ಮಂಡಿಯಲ್ಲಿ ಕೂತವರನ್ನ ಕೇಳಿ.

ತೀರ್ಥಹಳ್ಳಿ ಮೇಷ್ಟ್ರು: ಹಳೇ ವ್ಯಾಪಾರವೂ ಹಾಗೇ ಇತ್ತು! ಯುರೋಪಿನ ರಾಜರು ವಿಷಕ್ಕೆ ಮದ್ದು ಅಂತ ಸುರಿದು ಸುರಿದು ಕೊಂಡ "ಯೂನಿಕಾರ್ನ್ ಕೊಂಬು" ನಿಜಕ್ಕೂ ನಾರ್ವಾಲ್ ಎಂಬ ತಿಮಿಂಗಿಲದ ಹಲ್ಲು. 1638ರಲ್ಲಿ ಡೆನ್ಮಾರ್ಕಿನ ವೈದ್ಯ ಓಲೆ ವೊರ್ಮ್ ಅದನ್ನು ಬಯಲು ಮಾಡಿದ. ಆಮೇಲೂ ಅಲ್ಲಿಯ ರಾಜ ಅದೇ ಹಲ್ಲುಗಳಲ್ಲಿ ಸಿಂಹಾಸನ ಮಾಡಿಸಿಕೊಂಡ.

ಶೃಂಗೇರಿ ಶಾರದಕ್ಕ: ಭಟ್ಟರೇ, ಕುದುರೆ ಬಿಡಿ, ಕತೆ ನೋಡಿ. ಯುರೋಪಿನ ಹಳೇ ಪ್ರಾಣಿಕತೆಗಳಲ್ಲಿ ಯೂನಿಕಾರ್ನನ್ನು ಯಾವ ಬೇಟೆಗಾರನೂ ಹಿಡಿಯಲಾರ. ಕಾಡಲ್ಲಿ ಒಬ್ಬ ಕನ್ಯೆಯನ್ನು ಕೂರಿಸಿದರೆ ತಾನೇ ಬಂದು ಅವಳ ಮಡಿಲಲ್ಲಿ ಮಲಗುತ್ತೆ. ಇಲ್ಲಿ ಋಷ್ಯಶೃಂಗ, ಹೆಣ್ಣನ್ನೇ ನೋಡದ ಹುಡುಗ, ಕಾಡಲ್ಲಿದ್ದಾನೆ. ಅಂಗದೇಶಕ್ಕೆ ಬರ. ಅವನನ್ನು ಕರೆತರಲು ರೋಮಪಾದ ರಾಜ ವೇಶ್ಯೆಯರನ್ನು ಕಳಿಸುತ್ತಾನೆ, ಹುಡುಗ ಅವರ ಹಿಂದೆಯೇ ಊರಿಗೆ ಬರುತ್ತಾನೆ. ಕೆಲವು ಬೌದ್ಧ ಕತೆಗಳಲ್ಲಿ ಅವನ ಹೆಸರೇ ಏಕಶೃಂಗ. ಎರಡಕ್ಕೂ ನಂಟಿದೆ ಅಂತ ಕೆಲವು ವಿದ್ವಾಂಸರೂ ವಾದಿಸಿದ್ದಾರೆ.

ಕೊಪ್ಪದ ಭಟ್ಟ: ಹೋಲಿಕೆ ಚೆನ್ನಾಗಿದೆ ಅಕ್ಕಾ, ಒಪ್ಪಿದೆ. ಆದರೆ ಅಲ್ಲಿ ಪ್ರಾಣಿ ಬೇಟೆಗಾರನ ಕೈಗೆ ಬೀಳುತ್ತೆ, ಇಲ್ಲಿ ಹುಡುಗ ಕಾಲಿಟ್ಟ ಕೂಡಲೇ ಮಳೆ ಸುರಿಯುತ್ತೆ. ನನಗೆ ಮುಖ್ಯ ಆ ಮಳೆ. ಬರ ಬಂದಾಗ ಜನ ಕಿಗ್ಗಕ್ಕೆ ಹೋಗೋದು ಕೊಂಬು ನೋಡೋಕಾ?

ಶೃಂಗೇರಿ ಶಾರದಕ್ಕ: ಕೊಂಬಿಲ್ಲದಿದ್ದರೆ ಅವನು ಋಷ್ಯಶೃಂಗ ಹೇಗಾಗುತ್ತಿದ್ದ ಭಟ್ಟರೇ?

ಕೊಪ್ಪದ ಭಟ್ಟ: ಸರಿ, ಕೊಂಬು ನಿಮಗೆ, ಮಳೆ ನನಗೆ. ಮಗು ಕ್ಲಾಸಲ್ಲಿ "ನಮ್ಮದೇ" ಅನ್ನೋ ಬದಲು "ಭಾರತದಲ್ಲಿದೆ ಅಂತ ಗ್ರೀಕರು ನಂಬಿದ್ದರು" ಅನ್ನಲಿ. ಅದಕ್ಕೆ ಯಾರೂ ಜಗಳ ತೆಗೆಯೋ ಹಾಗಿಲ್ಲ.

ಹೊಸನಗರ ಟು ಬೆಂಗಳೂರು: ಸಿಂಧೂ ನಾಗರಿಕತೆಯ ಮುದ್ರೆಗಳಲ್ಲಿರೋ ಒಂಟಿಕೊಂಬಿನ ಪ್ರಾಣಿಯನ್ನ ಯಾರೂ ಎತ್ತಲೇ ಇಲ್ವಲ್ಲ?

ತೀರ್ಥಹಳ್ಳಿ ಮೇಷ್ಟ್ರು: ಅದು ಪಕ್ಕದಿಂದ ಬಿಡಿಸಿದ ಎತ್ತು, ಇನ್ನೊಂದು ಕೊಂಬು ಮರೆಯಲ್ಲಿದೆ ಅನ್ನೋರೂ ಇದ್ದಾರೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಊಟ ಮಾಡಿ ಬರ್ತೇನೆ.