ಮಾಂಸ ತಿನ್ನದ ಮನೆಯಲ್ಲಿ ಹಾಲು, ಪನೀರಿನ ಹೊರೆ ಎಷ್ಟು?

ಡೊಂಬಿವಲಿ ಪೂರ್ವ ಕೇಳಿದ್ದು:

ನಾಲ್ಕು ಜನರ ಮನೆ, ಮೊಟ್ಟೆಯೂ ಇಲ್ಲದ ಸಸ್ಯಾಹಾರ. ವಾರಕ್ಕೆ 14 ಲೀಟರ್ ಎಮ್ಮೆ ಹಾಲು, 1 ಕೆಜಿ ಪನೀರ್. ತಿಂಗಳಿಗೆ 1 ಕೆಜಿ ತುಪ್ಪ. ಮಾಂಸ ಮುಟ್ಟದವರಿಂದ ಭೂಮಿಗೆ ಹೊರೆ ಕಡಿಮೆ, ಪ್ರಾಣಿಹಿಂಸೆಯೂ ಇಲ್ಲ ಅನ್ನೋದು ಮನೆಯವರ ನಂಬಿಕೆ. ಹಾಲನ್ನೂ ಲೆಕ್ಕಕ್ಕೆ ಹಿಡೀಬೇಕು ಅನ್ನೋದು ಮಗಳ ವಾದ. ಯಾರು ಸರಿ? ಊಟದ ರುಚಿ ಕೆಡದ ಹಾಗೆ ಎಲ್ಲಿಂದ ಶುರು ಮಾಡಬಹುದು? ಅಂಕಿ ಸಮೇತ ಹೇಳಿ.

ಮಾಟುಂಗಾ ತಿಂಡಿಮನೆ:

ಮಗಳ ವಾದ ಸರಿ. 2018ರಲ್ಲಿ ಪೂರ್ ಮತ್ತು ನೆಮೆಚೆಕ್ ಎಂಬ ಇಬ್ಬರು ಸಂಶೋಧಕರು 119 ದೇಶಗಳ ಸುಮಾರು 38,700 ಹೊಲ, ಫಾರ್ಮುಗಳ ಮಾಹಿತಿ ಒಟ್ಟು ಮಾಡಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ್ರು. ಅದರ ಜಾಗತಿಕ ಸರಾಸರಿ ಪ್ರಕಾರ, 1 ಕೆಜಿ ಆಹಾರಕ್ಕೆ ಹೊರಬೀಳೋ ಹಸಿರುಮನೆ ಅನಿಲ (ಇಂಗಾಲದ ಡೈಆಕ್ಸೈಡ್‌ಗೆ ಸಮ ಮಾಡಿದ ಲೆಕ್ಕ): ಮಾಂಸಕ್ಕೆಂದೇ ಸಾಕಿದ ದನದ್ದು ಸುಮಾರು 100 ಕೆಜಿ, ಚೀಸ್ 24, ಕೋಳಿ 10, ಅಕ್ಕಿ 4.5, ಹಾಲು 3.2, ಬೇಳೆಕಾಳು 2ಕ್ಕೂ ಕಡಿಮೆ.

1 ಕೆಜಿ ಪನೀರಿಗೆ ಎಮ್ಮೆ ಹಾಲು ಸುಮಾರು 5 ಲೀಟರ್ ಬೇಕು. ಅಲ್ಲಿಗೆ 16 ಕೆಜಿ ಅನಿಲ ಆಯ್ತು, ಅದೇ ತೂಕದ ಕೋಳಿಗಿಂತ ಹೆಚ್ಚು. ಕುಡಿಯೋ ಹಾಲಿನದ್ದು 45. ಎರಡೂ ಸೇರಿ ವಾರಕ್ಕೆ 61 ಕೆಜಿ. 1 ಕೆಜಿ ತುಪ್ಪಕ್ಕೆ ಸುಮಾರು 15 ಲೀಟರ್ ಹಾಲಿನ ಕೆನೆ ಬೇಕು, ಆದ್ರೆ ಕೆನೆ ತೆಗೆದ ಹಾಲೂ ಬಳಕೆಯಾಗುತ್ತೆ. ಹಾಗಾಗಿ ಅಷ್ಟೂ ಹೊರೆಯನ್ನ ತುಪ್ಪದ ತಲೆಗೆ ಕಟ್ಟಬಾರದು.

ಮೂಲ ಕಾರಣ ಮೀಥೇನ್. ಮೆಲುಕು ಹಾಕೋ ಪ್ರಾಣಿಯ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ನಾರು ಕರಗಿಸುವಾಗ ಹುಟ್ಟಿ, ತೇಗಿನ ಜತೆ ಹೊರಬರುತ್ತೆ. 100 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು, 20 ವರ್ಷದ ಲೆಕ್ಕದಲ್ಲಿ ಸುಮಾರು 80 ಪಟ್ಟು ಬಿಸಿ ಮಾಡುತ್ತೆ. ನಮ್ಮ ಎಮ್ಮೆ ಹುಲ್ಲು, ಹಿಂಡಿ ತಿಂದು ಸಗಣಿಯನ್ನೂ ಕೊಡುತ್ತೆ, ಅದು ಒಳ್ಳೇದೇ. ಆದ್ರೆ ಹಾಲಿನ ಇಳುವರಿ ಕಡಿಮೆಯಾದಷ್ಟೂ ಲೀಟರಿಗೆ ಬೀಳೋ ಮೀಥೇನ್ ಏರುತ್ತೆ. ಆದ್ದರಿಂದ 3.2 ಅನ್ನೋದನ್ನ ಅಂದಾಜು ಅಂತಲೇ ಇಟ್ಕೊಳ್ಳಿ.

ಹಾಗಂತ ಪನೀರ್ ಬಿಟ್ಟು ಕೋಳಿ ತಿನ್ನಿ ಅಂತಲ್ಲ. ಪನೀರಿನ ಜಾಗಕ್ಕೆ ಬೇಳೆಕಾಳು ಬರಲಿ. ಮನೆಯಲ್ಲೇ ಪನೀರ್ ಮಾಡೋದಾದ್ರೆ, 5 ಲೀಟರ್ ಹಾಲಿಗೆ 4 ಲೀಟರಿನಷ್ಟು ತಿಳಿನೀರು ಉಳಿಯುತ್ತೆ. ಅದನ್ನ ಮೋರಿಗೆ ಸುರಿಯಬೇಡಿ. ನೀರಿನ ಆಮ್ಲಜನಕ ಹೀರಿಬಿಡುತ್ತೆ. ಚಪಾತಿ ಹಿಟ್ಟು ಕಲಸೋಕೆ, ಸಾರಿಗೆ ಹಾಕಿ.

ಪುಣೆ ಪಶುವೈದ್ಯ:

ಹಿಂಸೆ ಇಲ್ಲ ಅನ್ನೋ ಮಾತಿಗೆ ನನ್ನ ಉತ್ತರ. ಕರು ಹಾಕದೆ ಹಾಲಿಲ್ಲ. ಎಮ್ಮೆಯ ಗಬ್ಬ ಸುಮಾರು 310 ದಿನ, ಹುಟ್ಟೋ ಕರುಗಳಲ್ಲಿ ಅರ್ಧ ಗಂಡು. 30 ಕೆಜಿ ಕರುವಿಗೆ ದಿನಕ್ಕೆ ತೂಕದ ಹತ್ತನೇ ಒಂದು ಪಾಲು, ಅಂದ್ರೆ 3 ಲೀಟರ್ ಹಾಲು ಬೇಕು. ಮಾರಿದ್ರೆ ದುಡ್ಡಾಗೋ ಹಾಲು ಅದು. ಹಾಗಾಗಿ ಗಂಡು ಕರುವಿನ ಪಾಲೇ ಮೊದಲು ಕಡಿತವಾಗೋದು, ಹೊಟ್ಟೆಗಿಲ್ಲದೆ ಸಾಯೋ ಕರುಗಳು ಬಹಳ. ಮುಂಬೈ ತಬೇಲಾಗಳಲ್ಲಿ (ಪೇಟೆಯ ಎಮ್ಮೆ ಕೊಟ್ಟಿಗೆಗಳು) ಈದ ಎಮ್ಮೆಯನ್ನ ಹೊರಗಿನಿಂದ ತಂದು, ಬತ್ತಿದ ಮೇಲೆ ಮಾರೋ ಪದ್ಧತಿ ಹಳೇದು. ಪೇಟೆಯ ಮೇವಿನ ಬೆಲೆಗೆ ಬತ್ತಿದ ಎಮ್ಮೆ ಸಾಕೋದು ಗಿಟ್ಟಲ್ಲ. ಮಹಾರಾಷ್ಟ್ರದಲ್ಲಿ 2015ರ ಮಾರ್ಚ್‌ನಿಂದ ಹೋರಿ, ಎತ್ತಿನ ವಧೆಗೂ ನಿಷೇಧ ಇದೆ. ಎಮ್ಮೆ, ಕೋಣ ಅದರಲ್ಲಿ ಬರಲ್ಲ. ಹಾಲು ಮತ್ತು ಎಮ್ಮೆ ಮಾಂಸ ಒಂದೇ ಕೊಟ್ಟಿಗೆಯಿಂದ ಬರೋ ಎರಡು ಸರಕು.

ಹಾಲು ಕೊಡೋರನ್ನ ನೇರವಾಗಿ ಕೇಳಿ: ಗಂಡು ಕರು ಎಲ್ಲಿಗೆ ಹೋಗುತ್ತೆ? ಬತ್ತಿದ ಎಮ್ಮೆ ಎಲ್ಲಿದೆ? ಲಿಂಗ ವಿಂಗಡಿಸಿದ ವೀರ್ಯ ಬಳಸ್ತೀರಾ? (ಅದರಲ್ಲಿ ಸುಮಾರು 90% ಹೆಣ್ಣು ಕರು.) ಸರಿಯಾದ ಉತ್ತರ ಕೊಡೋ ಕೊಟ್ಟಿಗೆಯ ಹಾಲು ದುಬಾರಿ ಇರುತ್ತೆ, ಇರಲೇಬೇಕು. ಅದೇ ದುಡ್ಡಿಗೆ ಅರ್ಧ ಹಾಲು ತಗೊಳ್ಳಿ.

ಮಡಗಾಂವ್ ಮಾರ್ಕೆಟ್:

ಒಂದು ತಕರಾರು. ಅನಿಲದ ಲೆಕ್ಕ, ಜೀವದ ಲೆಕ್ಕ ಒಂದೇ ದಿಕ್ಕಿಗೆ ಹೋಗಲ್ಲ. ಒಂದು ಎಮ್ಮೆಯಿಂದ ನೂರು ಕೆಜಿಗೂ ಮೇಲೆ ಮಾಂಸ, ಒಂದು ಬ್ರಾಯ್ಲರ್‌ನಿಂದ ಒಂದೂವರೆ ಕೆಜಿ, 1 ಕೆಜಿ ಬಂಗಡೆ ಮೀನಿಗೆ ಎಂಟು ಹತ್ತು ಜೀವ. ದಡದ ಹತ್ತಿರ ಹಿಂಡಾಗಿ ಸಿಗೋ ಬಂಗಡೆ, ತಾರ್ಲೆಗೆ ಡೀಸೆಲ್ ಕಡಿಮೆ ಸಾಕು, ಹೊರೆ ಹಗುರ. ಸತ್ತ ಜೀವಗಳು ಮಾತ್ರ ಹೆಚ್ಚು. ಟ್ರಾಲರ್ ಸಿಗಡಿಯಲ್ಲಿ ಎರಡೂ ಕೆಟ್ಟದ್ದು: ತಳ ಗುಡಿಸೋ ಬಲೆಗೆ ಬೇಡದ ಮರಿಮೀನು ರಾಶಿ ಬೀಳುತ್ತೆ. ಮೀನು ತಿನ್ನೋರು ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲಿ ಯಾಂತ್ರಿಕ ದೋಣಿಯ ಮೀನು ಕೊಳ್ಳಬಾರದು.

ಹೊಲದಲ್ಲೂ ಇಲಿ, ಹುಳ ಸಾಯುತ್ತಲ್ಲ ಅಂತಾರೆ. ಸಾಯುತ್ತೆ. ಆದ್ರೆ ಕೋಳಿ 1 ಕೆಜಿ ತೂಕ ಏರೋಕೆ 1.6ರಿಂದ 1.8 ಕೆಜಿ ಮೆಕ್ಕೆಜೋಳ, ಸೋಯಾ ತಿನ್ನುತ್ತೆ. ಅದೂ ಹೊಲದ್ದೇ. ಎರಡೂ ಲೆಕ್ಕದಲ್ಲಿ ಗೆಲ್ಲೋದು ಬೇಳೆಯೇ. ಇಷ್ಟು ಹೇಳಿ ಇನ್ನೊಂದು: ಮೀನು ಬೇಯಿಸೋರಿಗೆ ಮನೆ ಬಾಡಿಗೆ ಕೊಡದ ಸೊಸೈಟಿಗಳು ಈ ಅಂಕಿಗಳನ್ನ ನೆಪ ಮಾಡ್ಕೊಳ್ಳೋದು ಅನ್ಯಾಯ.

ಕೋಥ್ರೂಡ್ ಶೇಂಗಾ:

ಎಲ್ಲಾ ಒಮ್ಮೆಲೇ ಬಿಡಬ್ಯಾಡ್ರಿ. ಮೊದಲ ಪನೀರ್ ಇಳಸ್ರಿ, ಆಮೇಲೆ ಮೊಸರಿನ ಹಾಲು. ಅನ್ನದ ಬದಲಿ ವಾರದಾಗ ನಾಕು ದಿನ ಮಾಲದಂಡಿ ಜೋಳದ ರೊಟ್ಟಿ. ಹಿಂಗಾರಿ ಬೆಳಿ, ಮಣ್ಣಾಗಿನ ಪಸಿಮ್ಯಾಗೇ ಬರತೈತಿ. ತೊಗರಿ ಕಲಬುರಗಿದು ತರ್ರಿ, ಅದೂ ಮಳಿ ಮ್ಯಾಲಿನ ಬೆಳಿ, ಗಾಳಿಯ ಸಾರಜನಕ ತಾನೇ ಹಿಡಿತೈತಿ.

ಶೇಂಗಾ ಮೊಸರು ಹಿಂಗ: 150 ಗ್ರಾಂ ಹಸಿ ಶೇಂಗಾ. ಮುದುಡಿದ್ದು, ಬೂಸು ಹಿಡಿದದ್ದು ಆರಿಸಿ ಒಗೀರಿ, ಬೂಸಿನ ವಿಷ ಕುದಿಸಿದ್ರೂ ಹೋಗಂಗಿಲ್ಲ. 8 ತಾಸು ನೆನಸಿ, ಸಿಪ್ಪಿ ತಗದು, ಎರಡೂವರೆ ಬಟ್ಟಲ ನೀರಾಗ ನುಣ್ಣಗ ರುಬ್ಬಿ ಸೋಸ್ರಿ. ಸಣ್ಣ ಉರಿಮ್ಯಾಗ 10 ನಿಮಿಷ ಕೈಯಾಡಿಸ್ಕೋತ ಕುದಸ್ರಿ. ಕಡಿಮಿ ಕುದ್ರ ಹಸಿ ವಾಸನಿ ಉಳಿತೈತಿ. ಬಟ್ಟು ತಡಕೊಳ್ಳುವಷ್ಟು ಬೆಚ್ಚಗಾದ ಮ್ಯಾಲ ಹೆಪ್ಪು ಹಾಕ್ರಿ. ಹಾಲಿನ ಹೆಪ್ಪು ಬ್ಯಾಡಂದ್ರ ಹಸಿಮೆಣಸಿನಕಾಯಿ ತೊಟ್ಟು ಎಂಟು ಹತ್ತು. ಮುಂಬೈ ಸೆಕಿಗೆ 8 ತಾಸು, ಪುಣೆ ಚಳಿಗೆ 12ರ ಮ್ಯಾಲ.

ಶೇಂಗಾದಾಗ ಕ್ಯಾಲ್ಸಿಯಂ ಕಡಿಮಿ, ಅದಕ್ಕ ರಾಗಿ, ಎಳ್ಳು ಇರಲಿ. ವಿಟಮಿನ್ ಬಿ12 ಮಾತ್ರ ಇಡ್ಲಿ ಹಿಟ್ಟಿನಾಗೂ ಸಿಗತೈತಿ ಅಂತ ನಂಬಬ್ಯಾಡ್ರಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಪ್ರಕಾರ ದೊಡ್ಡವರಿಗೆ ದಿನಕ್ಕ 2.2 ಮೈಕ್ರೋಗ್ರಾಂ ಬೇಕು, ಅರ್ಧ ಲೀಟರ್ ಹಾಲಿನಾಗ ಹೆಚ್ಚೂಕಡಿಮಿ ಅಷ್ಟ ಇರತೈತಿ. ಹಾಲು ಇಳಿಸಿದಾಂಗ ರಕ್ತಪರೀಕ್ಷೆ ಮಾಡಿಸಿ, ಡಾಕ್ಟರ್ ಕೇಳಿ ಗುಳಿಗಿ ತಗೋರಿ.

ಡೊಂಬಿವಲಿ ಪೂರ್ವ:

ಈ ಮೊಸರು ಮಜ್ಜಿಗೆ ಹುಳಿಗೆ ಹಾಕಿದ್ರೆ ಒಡೆಯುತ್ತಾ?

ಕೋಥ್ರೂಡ್ ಶೇಂಗಾ:

ಜೋರ ಕುದಿಸಿದ್ರ ಒಡಿತೈತಿ. ಒಂದ್ ಚಮಚ ಅಕ್ಕಿಹಿಟ್ಟು ಕಲಸಿ ಕಡೀಕ ಹಾಕ್ರಿ, ಉಕ್ಕು ಬರೂದರಾಗ ಇಳಸ್ರಿ.